ಭಾನುವಾರದವರೆಗೆ ವಿಯೆನ್ನಾ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ವಿಸಿತಾಸಿಯೋನ್, ಎಲ್ಲರ ಬಾಯಲ್ಲಿ ವಿಸಿ, ವಿಯೆನ್ನಾದಲ್ಲಿರಬೇಕಿತ್ತು. ಹಾಗಂತ ಸ್ಪೇನಿನ ಸಲಮಾಂಕಾದ ಆ ನಾಲ್ಕಂತಸ್ತಿನ ಕಟ್ಟಡಕ್ಕೆಲ್ಲ ಗೊತ್ತಿತ್ತು, ಎದುರು ಬೀದಿಯಲ್ಲಿ ಕೂದಲು ಕತ್ತರಿಸುವವಳಿಗೆ ಗೊತ್ತಿತ್ತು, ಮೀನಿನಂಗಡಿಗೆ ಗೊತ್ತಿತ್ತು, ಕೇಳದಿದ್ದರೂ ಹೇಳಿದ್ದರಿಂದ ಪಾದ್ರಿಗೂ ಗೊತ್ತಿತ್ತು. ಆದರೆ ಅವಳಿದ್ದದ್ದು ಮೂರನೇ ಮಹಡಿಯ ತನ್ನದೇ ಅಡುಗೆಮನೆಯಲ್ಲಿ, ಕಿಟಕಿಗಳ ಶಟರುಗಳನ್ನೆಲ್ಲ ತಳದವರೆಗೆ ಇಳಿಸಿಕೊಂಡು, ಬೂಟಿಲ್ಲದೆ ಉಣ್ಣೆಯ ಕಾಲುಚೀಲ ಮಾತ್ರ ಹಾಕಿಕೊಂಡು, ಕಾಫಿ ಪಾತ್ರೆ ಕುದಿದು ಗೊರಗುಟ್ಟೀತೆಂದು ಅದರ ಮುಚ್ಚಳವನ್ನು ಬಟ್ಟೆಯಲ್ಲಿ ಒತ್ತಿ ಹಿಡಿದು. ಸ್ವಂತ ಮನೆಯಲ್ಲಿ ಕಳ್ಳಿಯಾಗುವುದು ಇಷ್ಟು ಕಷ್ಟದ ಕೆಲಸವೆಂದು ಅರವತ್ತೇಳು ವರ್ಷದಲ್ಲಿ ಅವಳಿಗೆ ಹೊಳೆದಿರಲಿಲ್ಲ. ಕುರ್ಚಿ ಎಳೆಯುವಂತಿಲ್ಲ, ರೇಡಿಯೋ ಹಾಕುವಂತಿಲ್ಲ, ಸೀನು ಬಂದರೆ ದಿಂಬಿಗೆ ಮುಖ ಒತ್ತಬೇಕು. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಎದೆ ಹಾರುತ್ತಿತ್ತು. ಇನ್ನು ಹನ್ನೊಂದು ಗಂಟೆಗೆ ಕಸಿಲ್ದಾ ಬರುತ್ತಾಳೆ. ಕಸಿಲ್ದಾ ಎದುರು ಬಾಗಿಲಿನವಳು, ಮೂವತ್ತು ವರ್ಷದ ನೆರೆ, ತೀರಿಕೊಂಡ ಗಡಿಯಾರ ರಿಪೇರಿಯವನ ಹೆಂಡತಿ. ಗುರುವಾರ ಸಂಜೆ ವಿಸಿಯೇ ಅವಳ ಕೈಗೆ ಬೀಗದ ಕೈ ಕೊಟ್ಟು, ಸಂತೆ ಮುಗಿಸಿಕೊಂಡು ಬಂದು ಕ್ಯಾನರಿ ಹಕ್ಕಿಗೆ ಕಾಳು ನೀರು ಹಾಕಿ ಹೋಗು, ಪಾಪದ್ದು ಒಂಟಿಯಾಗಿಬಿಡುತ್ತದೆ, ಎರಡು ಮಾತಾಡಿಸು ಎಂದು ಹೇಳಿದ್ದಳು. ಹೇಳುವಾಗ ಅವಳ ಗಂಟಲಲ್ಲಿ ದೂರ ಹೊರಟವರ ಗಾಂಭೀರ್ಯವಿತ್ತು. ಅದನ್ನು ನೆನೆದು ಈಗ ಕಾಫಿ ಕಹಿಯಾಯಿತು.

ಕಸಿಲ್ದಾ ಬಂದು ತನ್ನನ್ನು ಹೀಗೆ ನೋಡಿದರೆ ಮಾತ್ರ ಸತ್ತೇಹೋಗುತ್ತೇನೆ ಎಂದುಕೊಂಡಳು. ಬೇರೆ ಯಾರು ನೋಡಿದರೂ ಅಡ್ಡಿಯಿಲ್ಲ. ಹತ್ತೊಂಬತ್ತು ವರ್ಷಗಳಿಂದ ಕಸಿಲ್ದಾಳಿಗೆ ಯುರೋಪನ್ನು ಬಡಿಸುತ್ತ ಬಂದವಳು ಅವಳು. ವಿಸಿಯ ಮನೆಯಲ್ಲಿ ವರ್ಷಕ್ಕೊಬ್ಬಳೋ ಇಬ್ಬರೋ ಅಮೆರಿಕದ ಹುಡುಗಿಯರು ಉಳಿದುಕೊಂಡು ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದರು, ಅಂದರೆ ಸೋಮವಾರದಿಂದ ಗುರುವಾರದವರೆಗೆ ಕಲಿಯುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಬೆನ್ನಿಗೆ ಚೀಲ ಏರಿಸಿದರೆಂದರೆ ಮ್ಯಾಡ್ರಿಡ್ ಬಸ್ಸು, ವಿಮಾನ, ಇನ್ನೊಂದು ದೇಶ. ಭಾನುವಾರ ಸಂಜೆ ಕಣ್ಣ ಕೆಳಗೆ ಕಪ್ಪು ತುಂಬಿಕೊಂಡು ವಾಪಸು. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಇವರು ಮೊದಲನೆಯದನ್ನು ಮುಗಿಸುವಷ್ಟರಲ್ಲಿ ಊರಿಗೆ ಮರಳುವ ವಿಮಾನ ಹತ್ತುವ ಕಾಲ ಬಂದಿರುತ್ತಿತ್ತು. ಈ ಸಲದವಳು ಇಪ್ಪತ್ತೇಳನೆಯವಳು, ನೆಬ್ರಾಸ್ಕಾದ ಹ್ಯಾಡ್ಲಿ. ವಿಸಿಯ ನಾಲಗೆಗೆ ಆ ಹಕಾರ ಏಳದೆ ಅವಳು ಆದ್ಲಿ ಆಗಿದ್ದಳು. ಭಾನುವಾರದ ಬಿಸಿ ಸಾರಿನ ಮುಂದೆ ಆದ್ಲಿಯನ್ನು ಕೂರಿಸಿ, ಹೇಗಿತ್ತು ಪ್ರಾಗ್ ಎಂದು ವಿಸಿ ಕೇಳುವಳು. ಅದ್ಭುತ, ಎನ್ನುವಳು ಆದ್ಲಿ. ರೋಮ್? ಅದ್ಭುತ. ಆಮೇಲೆ ಬಸ್ಸು ತಪ್ಪಿದ್ದು, ಹಾಸ್ಟೆಲಿನಲ್ಲಿ ಮೇಲಿನ ಮಂಚ ಸಿಕ್ಕಿದ್ದು, ಫೋನಿನ ಚಾರ್ಜರ್ ಕಳೆದದ್ದು, ಗೆಳತಿಯೊಬ್ಬಳು ಸೇತುವೆಯ ಮೇಲೆ ವಾಂತಿ ಮಾಡಿಕೊಂಡದ್ದು. ವಿಸಿ ಅದರಲ್ಲಿ ಸೇತುವೆಯನ್ನು ಮಾತ್ರ ಆರಿಸಿಕೊಳ್ಳುವಳು. ಸೋಮವಾರ ಹನ್ನೊಂದರ ಕಾಫಿಗೆ ಕಸಿಲ್ದಾ ಬಂದಾಗ ಆ ಸೇತುವೆಗೆ ಎರಡೂ ಕಡೆ ಕಲ್ಲಿನ ಸಂತರು ನಿಂತಿರುತ್ತಿದ್ದರು, ಕೆಳಗೆ ಹಂಸಗಳು ಬಂದಿರುತ್ತಿದ್ದವು. "ಅಲ್ಲಿ ಬೆಳಿಗ್ಗೆ ಮಂಜು ಏಳುವಾಗ ನೋಡ್ಬೇಕು ಕಣೇ," ಎನ್ನುತ್ತಿದ್ದಳು ವಿಸಿ. ಯಾರು ನೋಡಿದ್ದು ಎಂದು ವ್ಯಾಕರಣವೂ ಹೇಳುತ್ತಿರಲಿಲ್ಲ, ವಿಸಿಯೂ ಹೇಳುತ್ತಿರಲಿಲ್ಲ. ಅವಳು ಗಡಿ ದಾಟಿದ್ದು ಜೀವನದಲ್ಲಿ ಒಮ್ಮೆ, ಈಗಿಲ್ಲದ ಗಂಡ ಫೆರ್ಮಿನ್ ಜೊತೆ, ಪೋರ್ಚುಗಲ್ಲಿನ ಮೊದಲ ಊರಿಗೆ, ಟವೆಲು ಕೊಳ್ಳಲು. ಫೆರ್ಮಿನ್ ಮೂವತ್ತೊಂದು ವರ್ಷ ರೈಲು ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಕೂತು ಇಡೀ ಊರನ್ನು ಎಲ್ಲೆಲ್ಲಿಗೋ ಕಳಿಸಿದವನು. ರಜೆ ಬಂದರೆ ಹೆಂಡತಿಯ ಹಳ್ಳಿ, ಅಲ್ಲಿ ಅಂಜೂರದ ಮರದ ಕೆಳಗೆ ನಿದ್ದೆ. ಹೆಸರು ಕೇಳಿದರೆ ಭೇಟಿ ಎಂದು ಅರ್ಥ ಬರುವ ವಿಸಿತಾಸಿಯೋನ್ ಯಾರನ್ನೂ ಯಾವ ಊರನ್ನೂ ಭೇಟಿ ಮಾಡದೆ, ಬಂದವರಿಗೆ ಹಾಸಿಗೆ ಹಾಸುತ್ತ ಮುದುಕಿಯಾದಳು. ಹಾಗೆಂದು ಅವಳಿಗೆ ದುಃಖವೇನಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ.

ಕಾಫಿಯನ್ನು ನಿಂತೇ ಕುಡಿದಳು. ಹಕ್ಕಿ ಪಂಜರದೊಳಗೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹಾರಿತು, ಅದೂ ದೊಡ್ಡ ಸದ್ದೆನ್ನಿಸಿತು. ಎಲ್ಲ ತಪ್ಪೂ ತನ್ನ ಸಿದ್ಧಾಂತದ್ದು. ಅಮೆರಿಕದ ಹುಡುಗಿಯರಿಗೆ ಬಾಯಿಮಾತಿನ ಉಪಚಾರ ಗೊತ್ತಿಲ್ಲ ಎಂಬುದು ವಿಸಿಯ ಸಿದ್ಧಾಂತ. ಇಲ್ಲಿ ಯಾರ ಎದುರಿಗಾದರೂ ತಿನ್ನಲು ಕೂತರೆ ತಗೋತೀಯಾ ಎನ್ನಬೇಕು, ಎದುರಿನವರು ನೀವು ಸುಖವಾಗಿ ಉಣ್ಣಿ ಎಂದು ಬೇರೆ ಕಡೆ ನೋಡಬೇಕು. ಕೇಳಿದವರಿಗೆ ಕೊಡುವ ಇರಾದೆಯಿಲ್ಲ, ಒಲ್ಲೆ ಎಂದವರ ಹೊಟ್ಟೆ ತುಂಬಿಲ್ಲ, ಆದರೂ ಇಬ್ಬರ ಮಾನವೂ ಉಳಿಯಿತು. ಸೆಪ್ಟೆಂಬರಿನಲ್ಲಿ ಆದ್ಲಿ ಬಂದಿಳಿದ ಸಂಜೆ ವಿಸಿ ರಾತ್ರಿಯೂಟಕ್ಕೆಂದು ಉಳಿಸಿಕೊಂಡ ಆರು ಕರಿದ ಕ್ರೋಕೆತಾ ಉಂಡೆಗಳ ತಟ್ಟೆ ಹಿಡಿದು ಕೂತಿದ್ದಳು. ತಗೋತೀಯಾ ಎಂದಳು, ಅನ್ನಲೇಬೇಕಲ್ಲ. ಆದ್ಲಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಕುರ್ಚಿ ಎಳೆದುಕೊಂಡು, ಆರನ್ನೂ ತಿಂದಳು. ಇಪ್ಪತ್ತೇಳು ಹುಡುಗಿಯರೂ ಹಾಗೇ. ಇವರ ಮನಸ್ಸಿನಲ್ಲಿರುವುದೇ ಬಾಯಲ್ಲಿ, ಬಾಯಿಗೆ ಕೊಟ್ಟದ್ದು ಹೊಟ್ಟೆಯಲ್ಲಿ, ಎಂದು ವಿಸಿ ಕಸಿಲ್ದಾಳಿಗೆ ಹೇಳಿ ನಕ್ಕಿದ್ದಳು. ನಗುವಾಗ ಇದು ತನ್ನನ್ನೇ ಹಳ್ಳಕ್ಕೆ ಬೀಳಿಸುತ್ತದೆಂದು ಯಾರಿಗೆ ಗೊತ್ತಿತ್ತು. ಅಕ್ಟೋಬರಿನ ಒಂದು ಭಾನುವಾರ, ಪ್ಯಾರಿಸ್ ಮುಗಿಸಿ ಬಂದ ಆದ್ಲಿ ಸಾರಿನ ಚಮಚ ಎತ್ತಿ ಹಿಡಿದು, "ಸೆನ್ಯೋರ, ನೀನು ನಮ್ಮ ಜೊತೆ ಬರಬೇಕು. ನಿಜವಾಗಿ. ನಾವು ಹೋಗಲೇಬೇಕು," ಎಂದಳು. ಆದ್ಲಿಗೆ ಬಹುವಚನ ಕಲಿಸಲು ಹೋದರೆ ಕ್ರಿಯಾಪದ ಬಿದ್ದುಹೋಗುತ್ತಿತ್ತು, ಅದಕ್ಕೆ ವಿಸಿ ಏಕವಚನಕ್ಕೇ ರಾಜಿಯಾಗಿದ್ದಳು. "ಅಯ್ಯೋ, ನನ್ನ ಮಂಡಿಗೆ ಪ್ಯಾರಿಸ್ ಎಲ್ಲಿ ಮಗಳೇ," ಎಂದು ನಕ್ಕು ತಟ್ಟೆ ತೆಗೆದಳು. ಮುಂದಿನ ಭಾನುವಾರ ಆಮ್‌ಸ್ಟರ್‌ಡ್ಯಾಮಿನಿಂದ ಬಂದವಳು ಮತ್ತೆ ಅದನ್ನೇ ಎಂದಳು: ಹೋಗಲೇಬೇಕು. ಆ ರಾತ್ರಿ ವಿಸಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಳು. ಇಲ್ಲಿನವರು 'ಬೇಕು' ಎಂಬುದನ್ನು ತೆರಿಗೆಗೆ ಬಳಸುತ್ತಾರೆ, ಶವಸಂಸ್ಕಾರಕ್ಕೆ ಬಳಸುತ್ತಾರೆ. ತಿರುಗಾಟಕ್ಕೆ ಬಳಸಿದ್ದನ್ನು ಅವಳು ಕೇಳಿರಲಿಲ್ಲ. ಮೊದಲ ಸಲ ಕರೆದರೆ ಉಪಚಾರ, ಎರಡನೇ ಸಲ ಮರ್ಯಾದೆ, ಮೂರನೇ ಸಲವೂ ಕರೆದರೆ ಒಲ್ಲೆನ್ನುವುದು ಅಹಂಕಾರ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ನವೆಂಬರಿನ ಮೊದಲ ಭಾನುವಾರ ಆದ್ಲಿ ಮೂರನೇ ಸಲ ಎಂದಳು. ಈ ತಿಂಗಳ ಕೊನೆಗೆ ವಿಯೆನ್ನಾ, ಕ್ರಿಸ್ಮಸ್ ಸಂತೆ, ನಿನಗೆ ಎಷ್ಟು ಇಷ್ಟವಾಗುತ್ತೆ ಗೊತ್ತಾ, ಒಂದು ದಿನ ಹೋಗಲೇಬೇಕು. ವಿಸಿ ಕೈಯಲ್ಲಿದ್ದ ಸೌಟನ್ನು ಇಟ್ಟು, ಏಪ್ರನ್ನಿಗೆ ಕೈ ಒರೆಸಿ, ಮದುವೆಗೆ ಒಪ್ಪಿಗೆ ಕೊಡುವವಳ ಹಾಗೆ, "ಆಗಲಿ," ಎಂದಳು. ಆದ್ಲಿ ಎದ್ದು ಬಂದು ತಬ್ಬಿಕೊಂಡಳು. ಅವಳು ಎಲ್ಲದಕ್ಕೂ ತಬ್ಬಿಕೊಳ್ಳುವವಳು, ಒಗೆದ ಬಟ್ಟೆ ಮಡಿಸಿಟ್ಟರೂ ತಬ್ಬಿಕೊಳ್ಳುವವಳು. ಅದು ವಿಸಿಗೆ ಆಗ ನೆನಪಾಗಲಿಲ್ಲ. 'ಒಂದು ದಿನ' ಎಂಬುದಂತೂ ಕಿವಿಗೇ ಬೀಳಲಿಲ್ಲ.

ಟಿಕೆಟಿನ ಚಿಂತೆ ಅವಳಿಗೆ ಇರಲಿಲ್ಲ, ಈ ಹುಡುಗಿಯರು ಸಾರು ಕುಡಿಯುತ್ತಲೇ ಹೆಬ್ಬೆರಳಿನಲ್ಲಿ ಟಿಕೆಟು ಮಾಡಿಸುವವರು. ಆದರೆ ಹೆಸರು ನಂಬರು ಬೇಕಾಗುತ್ತದೆಂದು ಫೆರ್ಮಿನ್‌ನ ಹೆಂಡತಿಯಾಗಿ ಅವಳಿಗೆ ಗೊತ್ತಿತ್ತು. ತನ್ನ ಗುರುತಿನ ಚೀಟಿಯ ಜೆರಾಕ್ಸ್ ಮಾಡಿಸಿ, ಆದ್ಲಿಯ ಮೇಜಿನ ಮೇಲೆ ಇಟ್ಟಳು. ಬಾಯಿಬಿಟ್ಟು ಕೇಳಲಿಲ್ಲ, ಕೇಳಿದರೆ ಕರೆದವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಎರಡು ದಿನ ಬಿಟ್ಟು ಆದ್ಲಿ, "ಸೆನ್ಯೋರ, ನಿನ್ನ ಕಾಗದ ಆಫೀಸಿಗೆ ಕೊಡ್ತೀನಿ, ಸಾರಿ, ಕೊಟ್ಟೆ," ಎಂದಳು. ಅವಳು ಹೇಳಿದ್ದು ಹುಡುಗಿಯರನ್ನು ಮನೆಗಳಿಗೆ ಹಂಚುವ ಆಫೀಸು. ಅಲ್ಲಿಗೆ ತಿಂಗಳಿಗೊಂದು ಕಾಗದ ವಿಸಿಯ ಮನೆಯಿಂದ ಹೋಗುತ್ತಲೇ ಇತ್ತು. ವಿಸಿಗೆ ಕೇಳಿಸಿದ್ದು ಟಿಕೆಟ್ ಆಫೀಸು. ಅವತ್ತೇ ಹೋಗಿ ಹಿಮ್ಮಡಿಗೆ ಮೆತ್ತನೆಯ ಅಟ್ಟೆಯಿರುವ ಬೂಟು ಕೊಂಡಳು, ಕೂದಲಿಗೆ ಬಣ್ಣ ಹಾಕಿಸಿದಳು, ಬಣ್ಣ ಹಿಡಿಯುವ ಮುಕ್ಕಾಲು ಗಂಟೆಯಲ್ಲಿ ಅಂಗಡಿಯಲ್ಲಿದ್ದ ಏಳು ಹೆಂಗಸರಿಗೂ ವಿಯೆನ್ನಾ ವಿಷಯ ಹೇಳಿದಳು. ಡಂಗುರ ಹೊಡೆಯಲು ಬೇರೆಯವರು ಬೇಕಾಗಲಿಲ್ಲ. "ನಂಗೇನೂ ಮನಸ್ಸಿರ್ಲಿಲ್ಲ," ಎನ್ನುತ್ತಿದ್ದಳು, "ಹುಡುಗಿ ಬಿಡ್ಬೇಕಲ್ಲ. ನೀನು ಬರದಿದ್ರೆ ನಾವೂ ಹೋಗಲ್ಲ ಅಂತ ಒಂದೇ ಹಟ." ಈ ಕೊನೆಯ ಮಾತು ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿಲ್ಲ, ಪ್ರಾಗಿನ ಹಂಸಗಳು ಬಂದ ಕಡೆಯಿಂದಲೇ ಬಂದಿರಬೇಕು. ಆ ಎರಡು ವಾರ ಅವಳು ತರಕಾರಿ ಹೆಚ್ಚುವಾಗಲೂ ಒಬ್ಬಳೇ ನಗುತ್ತಿದ್ದಳು. ಈ ವಯಸ್ಸಿನಲ್ಲಿ ಯಾರೋ ತನ್ನನ್ನು ಬಾ ಎಂದಿದ್ದಾರೆ ಎಂಬುದೇ ಅವಳ ಸಂತೋಷ, ವಿಯೆನ್ನಾ ಅದರ ನೆಪ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ನಾಚಿಕೆಯೆನಿಸಿರಲಿಲ್ಲ.

ನಾಚಿಕೆ ನಿನ್ನೆ ಬಂತು, ಮಧ್ಯಾಹ್ನ ಮೂರೂವರೆಗೆ. ಆದ್ಲಿ ಬೇಳೆಯ ಊಟ ಮುಗಿಸಿ ಕೋಣೆಗೆ ಓಡಿ ಬೆನ್ನುಚೀಲದೊಂದಿಗೆ ಹೊರಬಂದಾಗ ವಿಸಿ ಪಡಸಾಲೆಯಲ್ಲಿ ನಿಂತಿದ್ದಳು: ಕೋಟು, ಹೊಸ ಬೂಟು, ತಲೆಗೆ ಹಸಿರು ಉಣ್ಣೆ ಟೋಪಿ, ಪಕ್ಕದಲ್ಲಿ ಚಕ್ರದ ಪೆಟ್ಟಿಗೆ, ಕೈಯಲ್ಲಿ ಹೊರಟ ಆರೂ ಹುಡುಗಿಯರಿಗೆ ಮೊಟ್ಟೆ-ಆಲೂಗೆಡ್ಡೆಯ ತೋರ್ತಿಯಾ ತುಂಬಿದ ಬ್ರೆಡ್ಡಿನ ಪೊಟ್ಟಣಗಳು. ಆದ್ಲಿ ಅವಳನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು, ಮುಖ ಅರಳಿತು.

"ಓ, ಸೆನ್ಯೋರ, ನೀನೂ ಎಲ್ಲಿಗೋ ಹೋಗ್ತಾನೆ? ಎಷ್ಟು ಚೆಂದ. ಎಲ್ಲಿಗೆ?"

ಗೋಡೆಯ ಗಡಿಯಾರ ಎರಡು ಸಲ ಟಿಕ್ ಎನ್ನುವಷ್ಟು ಹೊತ್ತು. ಅಷ್ಟರಲ್ಲಿ ವಿಸಿಗೆ ಎಲ್ಲ ಅರ್ಥವಾಯಿತು, ಜೆರಾಕ್ಸು ಹೋದ ಆಫೀಸು ಕೂಡ. ಅವಳಿಗೆ ಆಶ್ಚರ್ಯವಾದದ್ದು ತನ್ನ ನಾಲಗೆಯ ಚುರುಕು ಕಂಡು.

"ಹಳ್ಳಿಗೆ. ತಂಗಿ ಮನೆಗೆ. ಅವಳಿಗೆ ಹುಷಾರಿಲ್ಲ."

"ಅಯ್ಯೋ ಪಾಪ. ನಾನು ನಿನ್ನ ಹಳ್ಳಿ ನೋಡಬೇಕು. ಒಂದು ದಿನ ಹೋಗಲೇಬೇಕು ನಾವು," ಎಂದು ಆದ್ಲಿ ತಬ್ಬಿಕೊಂಡಳು. ಪೊಟ್ಟಣಗಳು ಇಬ್ಬರ ನಡುವೆ ನಜ್ಜಾದವು.

ಬಾಗಿಲು ತೆಗೆದರೆ ಕಸಿಲ್ದಾ. ಬೀಳ್ಕೊಡಲೆಂದೇ ನಿದ್ದೆ ಬಿಟ್ಟು ಎದುರು ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದಳು. "ಇಬ್ರೂ ಹುಷಾರು ಕಣ್ರೇ. ಅಲ್ಲಿ ತುಂಬಾ ಚಳಿಯಂತೆ," ಎಂದಳು. "ಹೌದು, ವಿಯೆನ್ನಾ ತುಂಬಾ ಚಳಿ," ಎಂದಳು ಆದ್ಲಿ, ತನಗೇ ಹೇಳಿದ್ದೆಂದುಕೊಂಡು. ವಿಸಿ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು, ತಿರುಗಿ ನೋಡಿ ಕೈ ಬೀಸಿದಳು ಕೂಡ. ಬಸ್ ನಿಲ್ದಾಣದವರೆಗೆ ಆದ್ಲಿಯ ಜೊತೆ ನಡೆದಳು, ಬೇರೆ ದಾರಿ ಇರಲಿಲ್ಲ. ಅಲ್ಲಿ ಐದು ಹುಡುಗಿಯರು, ಎಲ್ಲರ ಬೆನ್ನಿಗೂ ಒಂದೇ ಥರದ ಚೀಲ, ಎಲ್ಲರಿಗೂ ವಿಸಿ ಗೊತ್ತು, ಎಲ್ಲರೂ ತಬ್ಬಿಕೊಂಡರು. ನಿಮ್ಮ ಬಸ್ಸು ಯಾವುದು ಎಂದು ಒಬ್ಬಳು ಕೇಳಿದಳು. ಆ ಕಡೆಯದು, ಎಂದು ವಿಸಿ ಕೈ ತೋರಿಸಿದ ಕಡೆ ಶೌಚಾಲಯವಿತ್ತು. ನಾಲ್ಕಕ್ಕೆ ಮ್ಯಾಡ್ರಿಡ್ ಬಸ್ಸು ಹೊರಟಿತು, ಕಿಟಕಿಯಿಂದ ಆರು ಕೈಗಳು ಬೀಸಿದವು, ಒಂದು ಕೈಯಲ್ಲಿ ಆಗಲೇ ಪೊಟ್ಟಣ ಬಿಚ್ಚಿತ್ತು. ನಿಜವಾಗಿ ತಂಗಿಯ ಮನೆಗೇ ಹೋಗಿಬಿಡೋಣವೆಂದುಕೊಂಡಳು, ಆದರೆ ಫೋನಿನಲ್ಲಿ ತಂಗಿಗೂ ವಿಯೆನ್ನಾ ಹೇಳಿಯಾಗಿತ್ತು, ತಂಗಿಯ ಗಂಡ ಜೀವಮಾನವಿಡೀ ಅದನ್ನಾಡಿಕೊಂಡು ನಗುವವನು. ಅವಳು ಬೆಂಚಿನ ಮೇಲೆ ಕಾಲು ಗಂಟೆ ಕೂತು, ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿರುವಾಗಲೇ ಹಿಂದಿನ ಬೀದಿಗಳಿಂದ ಮನೆಗೆ ಬಂದಳು. ಮೆಟ್ಟಿಲ ಬುಡದಲ್ಲಿ ಹೊಸ ಬೂಟು ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡಳು, ಚಕ್ರ ಕಿರುಗುಟ್ಟದ ಹಾಗೆ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಮೂರು ಮಹಡಿ ಹತ್ತಿದಳು. ಕಸಿಲ್ದಾಳ ಬಾಗಿಲ ಹಿಂದೆ ಗೊರಕೆ ಕೇಳಿಸುತ್ತಿತ್ತು. ಇಷ್ಟು ಸಣ್ಣದಾಗಿ ತಾನು ಯಾವತ್ತೂ ಉಸಿರಾಡಿರಲಿಲ್ಲ ಎನಿಸಿತು.

ಈಗ ಹತ್ತೂ ಮುಕ್ಕಾಲು. ಲೋಟ ತೊಳೆಯುವಂತಿಲ್ಲ, ನಲ್ಲಿಯ ಸದ್ದು. ಹಾಗೇ ಬೀರುವಿನಲ್ಲಿ ಬಚ್ಚಿಟ್ಟು, ಪೆಟ್ಟಿಗೆಯನ್ನು ಎತ್ತಿಕೊಂಡು ಆದ್ಲಿಯ ಕೋಣೆಗೆ ಹೋಗಿ ಬಾಗಿಲನ್ನು ಬೆರಳಗಲ ಬಿಟ್ಟು ಮುಚ್ಚಿದಳು. ಕಸಿಲ್ದಾ ಎಷ್ಟೇ ಕೆದಕುವ ಸ್ವಭಾವದವಳಾದರೂ ಹುಡುಗಿಯರ ಕೋಣೆಗೆ ಕಾಲಿಡುವವಳಲ್ಲ. ಮಂಚದ ಮೇಲೆ ಬಟ್ಟೆಗಳು, ಒದ್ದೆ ಟವೆಲು, ಅದು ಪೋರ್ಚುಗಲ್ಲಿನದೇ. ಗೋಡೆಯ ಮೇಲೆ ಆದ್ಲಿ ಬಣ್ಣದ ಪೆನ್ನಿನಲ್ಲಿ ಬರೆದು ಅಂಟಿಸಿದ ಊರುಗಳ ಪಟ್ಟಿ. ಹನ್ನೆರಡು ಹೆಸರು, ನೋಡಿಯಾದ ಎಂಟಕ್ಕೆ ಗುರುತು. ವಿಯೆನ್ನಾ ಒಂಬತ್ತನೆಯದು. ಸಲಮಾಂಕಾ ಪಟ್ಟಿಯಲ್ಲೇ ಇರಲಿಲ್ಲ. ವಿಸಿಗೆ ಮೊದಲು ನಗು ಬಂತು, ನಗು ನುಂಗಿದ ಮೇಲೆ ಆ ಊರಿನ ಪರವಾಗಿ ಸಿಟ್ಟು ಬಂತು, ಸಿಟ್ಟಿನ ಅಡಿಯಲ್ಲಿ ತಾನು ಹುಡುಕಿದ್ದು ತನ್ನ ಹೆಸರನ್ನೆಂಬುದು ತಿಳಿದು ಮುಖ ಬಿಸಿಯಾಯಿತು. ಮಂಚದ ಅಂಚಿನಲ್ಲಿ ಕೂತಳು. ಓ, ನೀನೂ ಎಲ್ಲಿಗೋ ಹೋಗ್ತಾನೆ? ಆ ಮಾತನ್ನು ಎಲ್ಲೋ ಕೇಳಿದ್ದೇನೆ ಎಂದು ನಿನ್ನೆಯಿಂದ ಕಾಡುತ್ತಿತ್ತು. ಕೇಳಿದ್ದಲ್ಲ, ಹೇಳಿದ್ದು. ಈ ಕೋಣೆಯ ಬಾಗಿಲಲ್ಲೇ, ಹನ್ನೆರಡು ವರ್ಷದ ಹಿಂದೆ, ಲೋರ್ನಾಳಿಗೆ. ಐಡಹೋದ ಮಾತು ಕಡಿಮೆಯ ಹುಡುಗಿ ಲೋರ್ನಾ, ಗೆಳತಿಯರಿಲ್ಲದವಳು, ಶುಕ್ರವಾರ ಉಳಿದವರೆಲ್ಲ ಹಾರಿಹೋದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿದುಕೊಡುತ್ತಿದ್ದವಳು. ಈಸ್ಟರಿಗೆ ನಮ್ಮ ಹಳ್ಳಿಗೆ ಬಾರೇ, ಎಂದಿದ್ದಳು ವಿಸಿ, ಬಟಾಣಿ ನೋಡುತ್ತ. ಬಾಯಿಮಾತಿಗೆ. ಗುರುವಾರ ಬೆಳಿಗ್ಗೆ ಫೆರ್ಮಿನ್ ಕೆಳಗೆ ಕಾರಿನ ಹಾರನ್ ಒತ್ತುತ್ತಿರುವಾಗ ಲೋರ್ನಾ ಕೈಚೀಲ ಹಿಡಿದು, ತಲೆ ಬಾಚಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ಕಾರಿನಲ್ಲಿ ಜಾಗವಿರಲಿಲ್ಲವೆಂದಲ್ಲ, ತಂಗಿಯ ಮನೆಯಲ್ಲಿ ಹಾಸಿಗೆಯಿರಲಿಲ್ಲವೆಂದಲ್ಲ; ಹಬ್ಬದಲ್ಲೂ ಅನ್ಯರಿಗೆ ಬಡಿಸುವುದು ವಿಸಿಗೆ ಬೇಡವಾಗಿತ್ತು. ಚೀಲ ನೋಡಿದ ಕೂಡಲೇ ಅರ್ಥವಾಗಿತ್ತು. ಅರ್ಥವಾದ್ದರಿಂದಲೇ ಮುಖ ಅರಳಿಸಿ ಕೇಳಿದ್ದಳು: "ಓ, ನೀನೂ ಎಲ್ಲಿಗೋ ಹೊರಟ್ಯಾ? ಒಳ್ಳೇದಾಯ್ತು." ಲೋರ್ನಾ ಕೆಂಪಗಾಗಿ, "ಹೂಂ, ಲಿಸ್ಬನ್‌ಗೆ," ಎಂದಳು.

ನಾಲ್ಕು ದಿನ ಬಿಟ್ಟು ಬಂದಾಗ ಲೋರ್ನಾ ಲಿಸ್ಬನ್ನಿನ ಹಳದಿ ಟ್ರಾಮಿನ ಮ್ಯಾಗ್ನೆಟ್ ಒಂದನ್ನು ಕೊಟ್ಟಿದ್ದಳು. ಎಲ್ಲ ಹುಡುಗಿಯರೂ ಕೊಡುತ್ತಿದ್ದರು, ಫ್ರಿಜ್ಜಿನ ಬಾಗಿಲು ಅವುಗಳಿಂದ ಭಾರವಾಗಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜು ಒರೆಸುವಾಗ ವಿಸಿ ಆ ಟ್ರಾಮಿನ ಬೆನ್ನು ನೋಡಿದ್ದಳು: ಇದೇ ಊರಿನ ಕೆಥೆಡ್ರಲ್ ಬೀದಿಯ ಅಂಗಡಿಯ ಚೀಟಿ. ನೋಡಿ, ಮತ್ತೆ ಅಂಟಿಸಿ, ಮರೆತಳು. ಮರೆತಳೆಂದರೆ ಆ ಟ್ರಾಮು, ಆ ಏರು ಬೀದಿ, ಆ ಸಮುದ್ರದ ಗಾಳಿ ಎಲ್ಲವನ್ನೂ ಕಸಿಲ್ದಾಳಿಗೆ ವರ್ಷಗಟ್ಟಲೆ ಹೇಳಿದಳು. ಲೋರ್ನಾ ಆ ನಾಲ್ಕು ದಿನ ಎಲ್ಲಿದ್ದಳೆಂದು ಈಗ ಕೇಳಿಕೊಳ್ಳಬೇಕಾಗಿರಲಿಲ್ಲ. ಇದೇ ಮಂಚ. ಇದೇ ಇಳಿಬಿಟ್ಟ ಶಟರು. ನೆರೆಯವರಿಗೆ ಕೇಳದ ಹಾಗೆ ಇದೇ ಸಣ್ಣ ಉಸಿರು. ವಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಳು ಬಂತು, ಆದರೆ ಲೋರ್ನಾಳಿಗಾಗಿ ಎಷ್ಟು, ತನಗಾಗಿ ಎಷ್ಟು ಎಂದು ಬೇರ್ಪಡಿಸಲಾಗಲಿಲ್ಲ, ಅದರಿಂದ ಇನ್ನಷ್ಟು ಅಸಹ್ಯವಾಯಿತು. ಹಾಗಾದರೆ ಆದ್ಲಿ? ಅವಳ ಮುಖವೂ ಅರಳಿತ್ತಲ್ಲ. ಪೆಟ್ಟಿಗೆ ನೋಡಿದ ಕೂಡಲೇ ಅವಳಿಗೂ ಅರ್ಥವಾಗಿತ್ತೇ? ಅರ್ಥವಾಗಿದ್ದರೆ ಆ ಹುಡುಗಿ ನಿಜಕ್ಕೂ ಏನೋ ಕಲಿತಿದ್ದಾಳೆ. ಮೂರು ತಿಂಗಳಿಂದ ಇದೇ ಮೇಜಿನಲ್ಲಿ ಉಂಡವಳಲ್ಲವೇ, ಎಂದುಕೊಂಡಳು ವಿಸಿ.

ಬೀಗ ತಿರುಗಿತು. ಸಂತೆಯ ಚೀಲ ನೆಲಕ್ಕಿಟ್ಟ ಸದ್ದು, ಹಸಿ ಮೀನಿನ ವಾಸನೆ, ದೀಪದ ಸ್ವಿಚ್ಚು. "ಏನಪ್ಪಾ, ಒಂಟಿ ಆಗ್ಬಿಟ್ಯಾ?" ಎಂದಳು ಕಸಿಲ್ದಾ ಅಡುಗೆಮನೆಯಲ್ಲಿ. ಆಗ ವಿಸಿಗೆ ನೆನಪಾಯಿತು. ಬೆಳಿಗ್ಗೆ ಎದ್ದವಳೇ, ಕಣ್ಣುಜ್ಜಿಕೊಳ್ಳುತ್ತ, ಹನ್ನೊಂದು ವರ್ಷದ ಅಭ್ಯಾಸದಂತೆ ಪಂಜರದ ಬಟ್ಟೆ ಮಡಿಸಿಟ್ಟು, ಕಾಳಿನ ಬಟ್ಟಲು ತುಂಬಿ, ನೀರು ಬದಲಿಸಿ, ಎಳೆಯ ಸೊಪ್ಪಿನ ಎಲೆಯೊಂದನ್ನು ಕಂಬಿಗೆ ಸಿಕ್ಕಿಸಿದ್ದಳು.

ಪಂಜರದ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು.

"ಕಾಳು ನೀನೇ ಹಾಕ್ಕೊಂಡ್ಯಾ?" ಎಂದಳು ಕಸಿಲ್ದಾ ಹಕ್ಕಿಗೆ. "ಜಾಣ." ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸಣ್ಣಗೆ ಟಿಣ್ ಎಂದಿತು. "ಕಾಫೀನೂ ನೀನೇ ಕಾಸ್ಕೊಂಡ್ಯಾ? ಇನ್ನೂ ಬೆಚ್ಚಗಿದೆ."

ಕುರ್ಚಿ ಎಳೆದ ಸದ್ದಾಯಿತು. ಕಸಿಲ್ದಾ ಕೂತಳು. ಬಾಗಿಲ ಸಂದಿಯಿಂದ ವಿಸಿಗೆ ಅವಳ ಒಂದು ಭುಜ, ನರೆತ ಕೂದಲ ಗಂಟು ಕಾಣುತ್ತಿತ್ತು. ಆ ಭುಜ ಈ ಕಡೆ ತಿರುಗಲಿಲ್ಲ.

"ಹೋಗ್ಲಿ, ನಿಮ್ಮಮ್ಮ ಏನಾದ್ರೂ ಫೋನ್ ಮಾಡಿದ್ಲಾ? ವಿಯೆನ್ನಾ ಹೇಗಿದೆಯಂತೆ?"

ವಿಸಿ ಸುಮ್ಮನಿದ್ದರೆ ಸಾಕು, ಕಸಿಲ್ದಾ ಎದ್ದು ಹೋಗುತ್ತಾಳೆ. ನಾಳೆ ಸಂಜೆ ಮತ್ತೆ ಬಂದು, ಹೇಗಾಯ್ತೇ ಪ್ರಯಾಣ ಎಂದು ಕಣ್ಣರಳಿಸಿ ಕೇಳುತ್ತಾಳೆ. ಇಡೀ ಕಟ್ಟಡ ಕೇಳುತ್ತದೆ. ಯಾರೂ ಎಂದೂ ಏನೂ ಅನ್ನುವುದಿಲ್ಲ, ಸಾಯುವವರೆಗೂ ಅವಳಿಗೆ ಬರೀ ಉಪಚಾರ ಮಾಡುತ್ತಾರೆ, ಹುಚ್ಚರಿಗೆ ಮಾಡುವಂಥದ್ದು.

"ಚಳಿ," ಎಂದಳು ವಿಸಿ ಬಾಗಿಲ ಹಿಂದಿನಿಂದ.

ಭುಜ ಅಲುಗಲಿಲ್ಲ. "ತುಂಬಾನಾ?"

"ಮೂಳೆ ಕೊರೆಯೋ ಅಷ್ಟು."

"ಊಟ ಗೀಟ?"

"ಸುಮಾರು. ಉಪ್ಪು ಕಮ್ಮಿ."

"ಹೊರಗಿನ ಊಟ ಅಂದ್ರೆ ಹಂಗೇ. ಹುಡುಗೀರು ಚೆನ್ನಾಗಿ ನೋಡ್ಕೋತಿದಾರಾ?"

ಇದಕ್ಕೆ ಏನೋ ಹೇಳಲು ಹೋದಳು, ಹಂಸಗಳು ಬರಲಿಲ್ಲ. "ಅವರು ನನ್ನ ಕರೆದೇ ಇರ್ಲಿಲ್ಲ ಕಸಿ," ಎಂದಳು. "ಬಾಯಿಮಾತಿಗೆ ಅಂದಿದ್ದು. ನಾನು ಟೋಪಿ ಹಾಕ್ಕೊಂಡು ನಿಂತ್ಕೊಂಡೆ."

"ಪ್ರಾಗಿಗೆ ನಿನ್ನ ಯಾರು ಕರೆದಿದ್ರು?" ಎಂದಳು ಕಸಿಲ್ದಾ, ಸಿಟ್ಟಿಲ್ಲದೆ. "ರೋಮಿಗೆ? ಆ ಲಿಸ್ಬನ್ನಿಗೆ? ಹತ್ತೊಂಬತ್ತು ವರ್ಷದಿಂದ ಹೇಳ್ತಾ ಬಂದಿದೀಯ. ಒಂದು ದಿನ ಆದ್ರೂ ಟಿಕೆಟ್ ತೋರ್ಸು ಅಂದಿದೀನಾ? ಸೋಮವಾರ ಬರ್ಲಿ ಅಂತ ಕಾಯ್ತಿರ್ತೀನಿ ನಾನು."

"ಅದು ಬೇರೆ."

"ಏನು ಬೇರೆ?"

"ಆಗ ನಂಗೆ ಹೋಗ್ಬೇಕು ಅಂತ ಇರ್ಲಿಲ್ಲ."

ಹಕ್ಕಿ ಸೊಪ್ಪು ಕುಕ್ಕುವುದು ಕೇಳಿಸುತ್ತಿತ್ತು. ಕಸಿಲ್ದಾ ಮೂಗೊರೆಸಿಕೊಂಡಳೋ, ಶಾಲು ಸರಿಮಾಡಿಕೊಂಡಳೋ, ಸಂದಿಯಿಂದ ತಿಳಿಯಲಿಲ್ಲ. "ಈಚೆಗೆ ಬಾರೇ," ಎಂದಳು. "ಮೀನು ತಂದಿದೀನಿ, ನಮ್ಮನೇಲಿ ಉಣ್ಣುವಂತೆ. ನಾನು ಯಾರಿಗೂ ಹೇಳಲ್ಲ."

ಯಾರಿಗೂ ಹೇಳುವುದಿಲ್ಲ ಎಂದರೆ ಆ ಕಟ್ಟಡದಲ್ಲಿ ಮೂರು ಜನಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ ಎಂದರ್ಥ. ಆದರೂ ವಿಸಿ ಎದ್ದು ನಿಂತಳು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಕಸಿಲ್ದಾಳ ಮನೆಯಲ್ಲಿ ಬೆಳಕಿರುತ್ತದೆ, ಬಿಸಿ ಎಣ್ಣೆಯ ಸದ್ದು, ಎದುರಿಗೆ ಒಂದು ಮುಖ. ಬಾಗಿಲು ತೆಗೆದರೆ ಅದೆಲ್ಲ ಸಿಗುತ್ತದೆ. ಸಿಕ್ಕ ಮೇಲೆ ಅವಳು ಎಲ್ಲಿಗೂ ಹೋಗದವಳಾಗುತ್ತಾಳೆ. ಇಷ್ಟು ವರ್ಷ ಎಲ್ಲಿಗೂ ಹೋಗಬೇಕೆನ್ನದೆ ಇದ್ದವಳು, ಒಮ್ಮೆ ಆಸೆಪಟ್ಟು, ಬೂಟು ಕೊಂಡು, ಊರಿಗೆಲ್ಲ ಹೇಳಿ ಹೊರಟಿದ್ದು ಸುಳ್ಳೇನಲ್ಲ. ಕೈ ಹಿಂದಕ್ಕೆ ತೆಗೆದಳು.

"ಭಾನುವಾರ ಸಂಜೆವರೆಗೂ ನಾನು ವಿಯೆನ್ನಾದಲ್ಲಿರ್ತೀನಿ," ಎಂದಳು. "ಹೋಗುವಾಗ ಬೀಗ ಹಾಕ್ಕೊಂಡು ಹೋಗು."

ಕಸಿಲ್ದಾ ಎದ್ದಳು, ಕುರ್ಚಿಯನ್ನು ಮೊದಲಿದ್ದಲ್ಲಿಗೆ ಸೇರಿಸಿದಳು, ಚೀಲ ಎತ್ತಿಕೊಂಡಳು, ಅಡುಗೆಮನೆಯ ದೀಪ ಆರಿಸಿದಳು. ಹೊರಬಾಗಿಲಿನ ಹತ್ತಿರ ಹೋಗಿ ನಿಂತು, "ಹೀಟರ್ ಹಾಕ್ಕೋ," ಎಂದಳು. "ಅಲ್ಲಿ ಎಲ್ರೂ ಹಾಕಿರ್ತಾರಂತೆ."

ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಬೀಗ, ಎರಡು ಸುತ್ತು, ಒಳಗೆ ಯಾರೂ ಇಲ್ಲದ ಮನೆಗೆ ಹಾಕುವ ಹಾಗೆ.